ಮೂರನೆಯ ಜಾವದ ರಸಿಕ: ಹಾಸನ ಸೀಮೆಯ ಪೌರಾಣಿಕ ನಾಟಕಗಳ ಸಂಗೀತ ಮತ್ತು ಕೇಳುಗನ ವಿಮರ್ಶೆ

1. ಪ್ರವೇಶ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ರಾಗಿಯ ಕಣ ಮುಗಿದು ಫಸಲು ಮನೆ ಸೇರಿದ ಮೇಲೆ ಊರಹಬ್ಬ, ಜಾತ್ರೆ, ರಥೋತ್ಸವಗಳ ಕಾಲ ಆರಂಭವಾಗುತ್ತದೆ. ಸಂಕ್ರಾಂತಿಯಿಂದ ಮುಂಗಾರಿನವರೆಗಿನ ಈ ಅವಧಿಯಲ್ಲಿ ಇಲ್ಲಿನ ಹಳ್ಳಿಗಳು ರಾತ್ರಿಯಿಡೀ ಎಚ್ಚರವಿರುವುದು ಮುಖ್ಯವಾಗಿ ಪೌರಾಣಿಕ ನಾಟಕಗಳಿಗಾಗಿ. ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’, ‘ಸಂಪೂರ್ಣ ರಾಮಾಯಣ’, ‘ದಕ್ಷಯಜ್ಞ’, ‘ಶನಿಪ್ರಭಾವ’ ಮೊದಲಾದ ನಾಟಕಗಳನ್ನು ಊರಿನ ರೈತರು, ಶಿಕ್ಷಕರು, ಅಂಗಡಿಯವರು, ವಾಹನ ಚಾಲಕರು ತಿಂಗಳುಗಟ್ಟಲೆ ತಾಲೀಮು ನಡೆಸಿ ಆಡುತ್ತಾರೆ. ಕುರುಕ್ಷೇತ್ರವಂತೂ ಈ ಸೀಮೆಯಲ್ಲಿ ನಾಟಕವೆಂಬ ಪದಕ್ಕೆ ಪರ್ಯಾಯವೇ ಆಗಿದೆ.

ಈ ಪ್ರದರ್ಶನಗಳನ್ನು ನಾಟಕಗಳೆಂದು ಕರೆದರೂ ಇವು ಬಹುಮಟ್ಟಿಗೆ ರಾತ್ರಿಯಿಡೀ ನಡೆಯುವ ಸಂಗೀತ ಕಾರ್ಯಕ್ರಮಗಳೇ ಆಗಿವೆ. ಮಾರನೆಯ ದಿನ ಅರಳಿಕಟ್ಟೆಯಲ್ಲಿ, ಹಾಲಿನ ಡೇರಿಯ ಸಾಲಿನಲ್ಲಿ ನಡೆಯುವ ಚರ್ಚೆಯಲ್ಲಿ ಅಭಿನಯಕ್ಕೆ ಸಿಗುವ ಪಾಲು ಕಡಿಮೆ. ಯಾರ ಕಂಠ ನಿಂತಿತು, ಯಾರು ಶ್ರುತಿ ಬಿಟ್ಟರು, ಯಾವ ಹಾಡಿಗೆ ಎಷ್ಟು ಒನ್ಸ್ ಮೋರ್ ಬಂತು, ಮೇಷ್ಟ್ರು ಪೆಟ್ಟಿಗೆಯನ್ನು ಹೇಗೆ ನುಡಿಸಿದರು ಎಂಬುವೇ ಚರ್ಚೆಯ ವಿಷಯಗಳು. ಹೀಗೆ ಚರ್ಚಿಸುವವನು ಸಂಗೀತ ಕಲಿತವನಲ್ಲ. ಬರೆದು ಪ್ರಕಟಿಸುವವನೂ ಅಲ್ಲ. ಅವನನ್ನು ನಾವು ಅಭಿಮಾನಿ ಎನ್ನುತ್ತೇವೆ. ಊರಿನವರು ರಸಿಕ ಎನ್ನುತ್ತಾರೆ.

ಈ ರಸಿಕನ ಪ್ರತಿಕ್ರಿಯೆಯನ್ನು ಒಂದು ವಿಮರ್ಶಾ ಪದ್ಧತಿಯೆಂದು ಪರಿಗಣಿಸಲು ಸಾಧ್ಯವೇ, ಸಾಧ್ಯವಾದರೆ ಅದರ ಮಾನದಂಡಗಳು ಯಾವುವು, ಅದರ ಮಿತಿಗಳೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹಾಸನ ಸೀಮೆಗೆ ಸಂಬಂಧಿಸಿದಂತೆ ಇಂಥ ಪ್ರಯತ್ನಕ್ಕೆ ಸಾಹಿತ್ಯದಲ್ಲಿ ಪೂರ್ವನಿದರ್ಶನವೊಂದಿದೆ. ಹಾಸನ ತಾಲ್ಲೂಕಿನ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ಯರು ತಮ್ಮ ಪುಸ್ತಕವೊಂದಕ್ಕೆ ‘ನಮ್ಮ ಊರಿನ ರಸಿಕರು’ ಎಂದೇ ಹೆಸರಿಟ್ಟರು. ಹಳ್ಳಿಗನನ್ನು ರಸಿಕನೆಂದು ಕರೆಯುವಲ್ಲಿ ಅವರು ತೋರಿದ ಗೌರವವನ್ನು ನಮ್ಮ ಸಂಶೋಧನೆ ಇನ್ನೂ ಪೂರ್ಣವಾಗಿ ರೂಢಿಸಿಕೊಂಡಿಲ್ಲ ಎಂದು ಹೇಳಬೇಕಾಗುತ್ತದೆ.

ಈ ಆರೋಪದಿಂದ ನಾನೂ ಹೊರತಲ್ಲ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಪಿಎಚ್.ಡಿ. ಅಧ್ಯಯನಕ್ಕಾಗಿ ಈ ತಾಲ್ಲೂಕುಗಳಲ್ಲಿ ಕ್ಷೇತ್ರಕಾರ್ಯ ಮಾಡುವಾಗ ಸೋಬಾನೆ, ಕೋಲಾಟ, ಮೂಡಲಪಾಯದ ಪದಗಳನ್ನು ಧ್ವನಿಮುದ್ರಿಸಿಕೊಂಡೆ. ಅದೇ ಹಬ್ಬದ ರಾತ್ರಿ ಹಾರ್ಮೋನಿಯಂ ಶ್ರುತಿ ಕೇಳಿಬಂದೊಡನೆ ಧ್ವನಿಮುದ್ರಣ ಯಂತ್ರವನ್ನು ನಿಲ್ಲಿಸಿ ಚೀಲದಲ್ಲಿಟ್ಟೆ. ಅದು ‘ಶುದ್ಧ ಜಾನಪದ’ವಲ್ಲ ಎಂಬುದು ಆಗಿನ ನನ್ನ ತಿಳಿವಳಿಕೆಯಾಗಿತ್ತು. ನನ್ನ ಮಾಹಿತಿದಾರರು ಮಾತ್ರ ನನ್ನ ಪ್ರಶ್ನೆಗಳಿಗೆ ಉತ್ತರಿಸುವುದನ್ನು ಅರ್ಧಕ್ಕೆ ಬಿಟ್ಟು ನಾಟಕಕ್ಕೆ ಹೋಗಿ ಕುಳಿತಿದ್ದರು. ಜನರು ಆರಿಸಿಕೊಂಡದ್ದನ್ನು ಬಿಟ್ಟು ಜನಪದವನ್ನು ಹುಡುಕಿದ ಆ ತಪ್ಪಿನ ಪರಿಶೀಲನೆಯೂ ಈ ಲೇಖನದ ಒಂದು ಭಾಗವೇ ಆಗಿದೆ.

2. ಮಟ್ಟುಗಳ ಚರಿತ್ರೆ

ಪೌರಾಣಿಕ ನಾಟಕದ ಸಂಗೀತ ಹಳ್ಳಿಯಲ್ಲಿ ಹುಟ್ಟಿದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮರಾಠಿ ಮತ್ತು ಪಾರ್ಸಿ ನಾಟಕ ಕಂಪನಿಗಳ ಪ್ರಯೋಗಗಳು ಮೈಸೂರು ಸಂಸ್ಥಾನದಲ್ಲಿ ಹೊಸ ಅಭಿರುಚಿಯನ್ನು ರೂಪಿಸಿದವು. ಅರಮನೆಯ ಆಶ್ರಯದ ನಾಟಕ ಸಭೆ, 1884ರಲ್ಲಿ ಆರಂಭವಾದ ಗುಬ್ಬಿ ಚನ್ನಬಸವೇಶ್ವರ ಕಂಪನಿ, ಗಾಯಕ ನಟರಾಗಿ ಹೆಸರಾದ ಎ.ವಿ. ವರದಾಚಾರ್ಯರ ರತ್ನಾವಳಿ ಕಂಪನಿ ಇವೆಲ್ಲವೂ ಕರ್ನಾಟಕ ಸಂಗೀತದ ರಾಗಗಳನ್ನು, ಹಿಂದೂಸ್ತಾನಿಯ ಚಾಲನ್ನು, ಪಾರ್ಸಿ ಮಟ್ಟುಗಳನ್ನು ಒಂದೇ ರಂಗದ ಮೇಲೆ ಬೆರೆಸಿದವು. ಗುಬ್ಬಿ ವೀರಣ್ಣನವರ ಕಂಪನಿಯು 1934ರಲ್ಲಿ ಆನೆ ಕುದುರೆಗಳನ್ನು ರಂಗಕ್ಕೆ ತಂದು ಆಡಿದ ‘ಕುರುಕ್ಷೇತ್ರ’ ಈ ಪರಂಪರೆಯ ವೈಭವದ ಶಿಖರ. ಸಿನಿಮಾದ ಆಗಮನದಿಂದ ಕಂಪನಿಗಳು ಕ್ಷೀಣಿಸಿದಂತೆ ಅವುಗಳ ಹಾರ್ಮೋನಿಯಂ ವಾದಕರು, ನಟರು, ವೇಷಭೂಷಣದವರು ಹಳ್ಳಿ ಪಟ್ಟಣಗಳಲ್ಲಿ ನೆಲೆಗೊಂಡು ‘ಡ್ರಾಮಾ ಮೇಷ್ಟ್ರು’ಗಳಾದರು. ಆನೆ ಕುದುರೆಗಳು ಹೋದವು, ಮಟ್ಟುಗಳು ಉಳಿದವು.

ಹಳ್ಳಿಗೆ ಈ ಸಂಗೀತ ಬಂದಾಗ ಕೇಳುವ ಕಿವಿಗಳು ಅಲ್ಲಿ ಆಗಲೇ ಸಿದ್ಧವಾಗಿದ್ದವೆಂಬುದು ಗಮನಾರ್ಹ. ಕುಮಾರವ್ಯಾಸ ಭಾರತ ಮತ್ತು ಜೈಮಿನಿ ಭಾರತಗಳ ಗಮಕ ವಾಚನ, ರಾತ್ರಿಯ ಹರಿಕಥೆ, ಭಜನೆ, ಮುಖವೀಣೆ ಮದ್ದಳೆಗಳ ಮೂಡಲಪಾಯ ಇವೆಲ್ಲ ಕೇಳುಗನನ್ನು ತಲೆಮಾರುಗಳಿಂದ ತಯಾರು ಮಾಡಿದ್ದವು. ಕಥೆ ಎಲ್ಲರಿಗೂ ತಿಳಿದದ್ದು. ಮುಂದೇನಾಗುತ್ತದೆ ಎಂಬ ಕುತೂಹಲವಿಲ್ಲದ ಕಡೆ ಹೇಗೆ ಹಾಡುತ್ತಾರೆ ಎಂಬುದೇ ಕುತೂಹಲವಾಗುತ್ತದೆ.

ಇಲ್ಲಿ ಹಾರ್ಮೋನಿಯಂನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಯುರೋಪಿನಿಂದ ಬಂದ ಈ ವಾದ್ಯ ಗಮಕಗಳನ್ನು, ಸ್ವರದಿಂದ ಸ್ವರಕ್ಕೆ ಜಾರುವ ಎಳೆತವನ್ನು ನುಡಿಸಲಾರದೆಂಬ ಆಕ್ಷೇಪಕ್ಕೆ ಒಳಗಾಗಿ 1940ರಿಂದ 1971ರವರೆಗೆ ಆಕಾಶವಾಣಿಯಿಂದ ಹೊರಗುಳಿದಿತ್ತು. ಶಾಸ್ತ್ರದ ದೃಷ್ಟಿಯಿಂದ ಆಕ್ಷೇಪ ನಿರಾಧಾರವಾದುದಲ್ಲ. ಆದರೆ ಬಾನುಲಿ ಇದನ್ನು ಹೊರಗಿಟ್ಟ ಆ ಮೂರು ದಶಕಗಳಲ್ಲೂ ಹಳ್ಳಿಯ ತಾಲೀಮು ಮನೆಗಳಲ್ಲಿ ‘ಪೆಟ್ಟಿಗೆ’ಯೇ ಗುರುವಾಗಿತ್ತು. ಸ್ವರಜ್ಞಾನವಿಲ್ಲದ ರೈತನಿಗೆ ಅದು ಕಣ್ಣಿಗೆ ಕಾಣುವ ಸ್ವರಸ್ಥಾನಗಳನ್ನು ಒದಗಿಸಿತು. ಅವನ ಶ್ರುತಿಯನ್ನು ‘ಬಿಳಿ ನಾಲ್ಕು’, ‘ಕಪ್ಪು ಮೂರು’ ಎಂದು ಪೆಟ್ಟಿಗೆಯ ಮನೆಗಳ ಲೆಕ್ಕದಲ್ಲೇ ಗುರುತಿಸಲಾಯಿತು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಬಯಲಿನ ಕೊನೆಯ ಸಾಲಿಗೂ ತಲುಪಬೇಕಾಗಿದ್ದುದರಿಂದ ಎತ್ತರದ ಶ್ರುತಿಯಲ್ಲಿ ಹಾಡುವುದು ಅನಿವಾರ್ಯವಾಗಿತ್ತು. ಧ್ವನಿವರ್ಧಕ ಬಂದ ಮೇಲೆ ಆ ಅನಿವಾರ್ಯತೆ ಹೋಯಿತು. ಎತ್ತರದ ಶ್ರುತಿಯ ಮೇಲಿನ ಮೋಹ ಹೋಗಲಿಲ್ಲ. ಅಗತ್ಯವೊಂದು ಸೌಂದರ್ಯವಾಗಿ ಮಾರ್ಪಡುವ ಈ ಪ್ರಕ್ರಿಯೆ ಜಾನಪದದ ವಿದ್ಯಾರ್ಥಿಗಳಿಗೆ ಅಪರಿಚಿತವಾದುದಲ್ಲ.

3. ಒಂದು ರಾತ್ರಿಯ ವಿವರ

ಹೊಳೆನರಸೀಪುರ ತಾಲ್ಲೂಕಿನಲ್ಲಿ, ಹೇಮಾವತಿಯ ದಂಡೆಗೆ ಸಮೀಪದ ಗ್ರಾಮವೊಂದರಲ್ಲಿ ಊರಹಬ್ಬದ ಮಾರನೆಯ ರಾತ್ರಿ ನಾನು ನೋಡಿದ ಕುರುಕ್ಷೇತ್ರದ ಪ್ರದರ್ಶನವನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಇದು ಅಸಾಮಾನ್ಯ ಪ್ರದರ್ಶನವೇನೂ ಅಲ್ಲ. ಸಾಮಾನ್ಯವಾಗಿದ್ದುದರಿಂದಲೇ ಇಲ್ಲಿನ ಚರ್ಚೆಗೆ ಯೋಗ್ಯವಾಗಿದೆ.

ದೇವಸ್ಥಾನದ ಮುಂದಿನ ಬಯಲಿನಲ್ಲಿ ಬಾಡಿಗೆ ಸೀನರಿಯ ರಂಗ. ರಂಗದ ಒಂದು ಬದಿಯಲ್ಲಿ ಪ್ರೇಕ್ಷಕರಿಗೆ ಕಾಣುವಂತೆ ಹಾರ್ಮೋನಿಯಂ ಮೇಷ್ಟ್ರು, ಪಕ್ಕದಲ್ಲಿ ತಬಲಾ, ಹಿಂದೆ ಕೀಬೋರ್ಡ್ ಮತ್ತು ರಿದಂ ಪ್ಯಾಡ್. ಗಣಪತಿ ಪ್ರಾರ್ಥನೆ ಒಂಬತ್ತಕ್ಕೆ ಆರಂಭವಾಯಿತು. ಹತ್ತೂವರೆಗೆ ನಾಟಕ ನಿಂತು ಗಣ್ಯರ ಸನ್ಮಾನ, ಭಾಷಣಗಳು ನಡೆದವು. ಹನ್ನೆರಡರವರೆಗಿನ ಸಭೆ ಜಾತ್ರೆಯ ಸಭೆ. ಮಕ್ಕಳು, ನೆಂಟರು, ಪುರಿ ಬೋಂಡದ ಅಂಗಡಿಗಳ ಗದ್ದಲ, ತಮ್ಮವರ ಪಾತ್ರ ಬಂದೊಡನೆ ಕೂಗಿ ಶಿಳ್ಳೆ ಹಾಕುವ ಗುಂಪುಗಳು. ಪಾತ್ರಧಾರಿಯ ಬಂಧುಗಳು ಹಾಡಿನ ನಡುವೆಯೇ ರಂಗಕ್ಕೆ ಹತ್ತಿ ಹಾರ ಹಾಕುತ್ತಾರೆ, ಎದೆಗೆ ನೋಟು ಸಿಕ್ಕಿಸುತ್ತಾರೆ. ದಾನಿಗಳ ಹೆಸರು ಮೈಕಿನಲ್ಲಿ ಘೋಷಣೆಯಾಗುತ್ತದೆ.

ಹನ್ನೆರಡೂವರೆಯ ಸುಮಾರಿಗೆ ಕೃಷ್ಣಸಂಧಾನದ ದೃಶ್ಯ. ದುರ್ಯೋಧನನ ಪಾತ್ರಧಾರಿ ತೆಂಗಿನ ತೋಟದ ರೈತ, ತುಂಬಿದ ಶಾರೀರ. ಸಭೆಗೆ ಪ್ರವೇಶಿಸುವ ಹಾಡನ್ನು ಮೋಹನದಲ್ಲಿ ಎತ್ತಿಕೊಂಡು ತಾರಸ್ಥಾಯಿಯ ಗಾಂಧಾರದಲ್ಲಿ ನಿಲ್ಲಿಸಿದಾಗ ಒನ್ಸ್ ಮೋರ್ ಎಂಬ ಕೂಗು ಎದ್ದಿತು. ಅವರು ಹಾಡನ್ನು ಮೂರು ಬಾರಿ ಹಾಡಿದರು. ಅಷ್ಟು ಹೊತ್ತೂ ಶ್ರೀಕೃಷ್ಣನು ಕೈಕಟ್ಟಿ ನಿಂತಿರಬೇಕಾಯಿತು. ಮೂರನೆಯ ಬಾರಿ ಅವರು ಮೊದಲೆರಡು ಬಾರಿ ಇಲ್ಲದ ಒಂದು ಸಂಗತಿಯನ್ನು ಸೇರಿಸಿದರು. ಮೇಷ್ಟ್ರು ನಕ್ಕು ತಲೆದೂಗಿದರು.

ಒಂದು ಗಂಟೆಯ ನಂತರ ಸಭೆ ಕರಗತೊಡಗಿತು. ಸನ್ಮಾನಿತರು ಹೋದರು, ಮಕ್ಕಳು ತಾಯಂದಿರ ಮಡಿಲಲ್ಲಿ ಮಲಗಿದರು, ಅಂಗಡಿಗಳ ದೀಪ ಆರಿತು. ಉಳಿದವರು ಕಂಬಳಿ ಹೊದ್ದು ರಂಗದ ಹತ್ತಿರಕ್ಕೆ ಸರಿದು ಕುಳಿತರು. ಎರಡೂವರೆಯ ವೇಳೆಗೆ ಕರ್ಣ ಕುಂತಿಯರ ದೃಶ್ಯ ಬಂದಿತು. ಕರ್ಣನ ಪಾತ್ರಧಾರಿ ವೃತ್ತಿಯಿಂದ ಗಾರೆ ಕೆಲಸದವರು. ಹಿಂದಿನ ದೃಶ್ಯಗಳಲ್ಲಿ ಎತ್ತರದ ಶ್ರುತಿಯಲ್ಲಿ ಹಾಡಿ ಅವರ ಕಂಠ ಒಡೆದುಹೋಗಿತ್ತು. ಸಿಂಧುಭೈರವಿಯ ಹಾಡಿನ ಮೊದಲ ಸಾಲಿನಲ್ಲೇ ತಾರಷಡ್ಜ ಅವರಿಗೆ ಎಟುಕಲಿಲ್ಲ. ಇಂಥ ಸಂದರ್ಭದಲ್ಲಿ ಮೇಷ್ಟ್ರುಗಳು ಪೆಟ್ಟಿಗೆಯ ನಾದವನ್ನು ಹೆಚ್ಚಿಸಿ ಗಾಯಕನ ಕೊರತೆಯನ್ನು ಮುಚ್ಚುವುದು ವಾಡಿಕೆ. ಅಂದಿನ ಮೇಷ್ಟ್ರು ಹಾಗೆ ಮಾಡದೆ ಷಡ್ಜ ಪಂಚಮಗಳ ಶ್ರುತಿಯನ್ನಷ್ಟೇ ಉಳಿಸಿ ಸ್ವರಗಳಿಂದ ಬೆರಳು ತೆಗೆದರು. ತಬಲಾ ತಾನಾಗಿಯೇ ನಿಂತಿತು. ಪಾತ್ರಧಾರಿ ಮಿಕ್ಕ ಹಾಡನ್ನು ಮಂದ್ರದಲ್ಲಿ, ಅರ್ಧ ಹಾಡಿ ಅರ್ಧ ಆಡಿದಂತೆ ಮುಗಿಸಿದರು. ಚಪ್ಪಾಳೆ ಬರಲಿಲ್ಲ. ಒನ್ಸ್ ಮೋರ್ ಎಂದು ಯಾರೂ ಕೂಗಲಿಲ್ಲ. ನೋಟು ಹಿಡಿದು ಎದ್ದ ಯುವಕನೊಬ್ಬನನ್ನು ಪಕ್ಕದಲ್ಲಿದ್ದವರು ಕೈಹಿಡಿದು ಕೂರಿಸಿದರು.

ಮಾರನೆಯ ಬೆಳಿಗ್ಗೆ ಅರವತ್ತು ವರ್ಷಗಳಿಂದ ನಾಟಕ ಕೇಳುತ್ತಾ ಬಂದ ಹಿರಿಯರೊಬ್ಬರನ್ನು ಈ ಬಗ್ಗೆ ಪ್ರಶ್ನಿಸಿದೆ. ಕರ್ಣನ ಹಾಡು ಕೆಟ್ಟಿತೆಂದು ಜನ ಸುಮ್ಮನಾದರೇ ಎಂಬುದು ನನ್ನ ಪ್ರಶ್ನೆ. ಅವರ ಉತ್ತರದ ಸಾರಾಂಶ ಹೀಗಿದೆ: ಆ ಹಾಡಿಗೆ ಒನ್ಸ್ ಮೋರ್ ಕೇಳಬಾರದು, ಕೇಳಿದರೆ ಆ ತಾಯಿ ಎರಡನೆಯ ಸಲ ಕೈಯೊಡ್ಡಬೇಕಾಗುತ್ತದೆ. ದುರ್ಯೋಧನನಿಗೆ ಕೇಳಬಹುದು, ಹೇಳಿದ್ದನ್ನೇ ಹೇಳುವುದು ಅವನ ಗುಣ.

4. ರಸಿಕನ ಮಾನದಂಡಗಳು

ಮೇಲಿನ ಉತ್ತರವನ್ನು ಕೇವಲ ಚಮತ್ಕಾರದ ಮಾತೆಂದು ಬದಿಗಿಡಲಾಗದು. ಅದರಲ್ಲಿ ಒಂದು ಖಚಿತವಾದ ವಿಮರ್ಶಾ ತತ್ತ್ವವಿದೆ. ಸಂಗೀತದ ಪುನರಾವರ್ತನೆಗೆ ಪಾತ್ರದ ಸ್ವಭಾವವೇ ಅನುಮತಿ ನೀಡಬೇಕು ಅಥವಾ ನಿರಾಕರಿಸಬೇಕು ಎಂಬುದು ಆ ತತ್ತ್ವ. ಅಹಂಕಾರ ತನ್ನನ್ನು ತಾನೇ ಮತ್ತೆ ಮತ್ತೆ ಘೋಷಿಸಿಕೊಳ್ಳುವುದರಿಂದ ದುರ್ಯೋಧನನ ಹಾಡು ಮೂರು ಬಾರಿ ಬಂದರೂ ಔಚಿತ್ಯಭಂಗವಿಲ್ಲ. ಯಾಚನೆ ಮತ್ತು ನಿರಾಕರಣೆಗಳು ಒಮ್ಮೆ ಮಾತ್ರ ನಡೆಯುವಂಥವು.

ಒನ್ಸ್ ಮೋರ್ ಪದ್ಧತಿಯನ್ನು ಕನ್ನಡದ ಆಧುನಿಕ ರಂಗವಿಮರ್ಶೆ ಸಾಮಾನ್ಯವಾಗಿ ರಸಭಂಗವೆಂದು ಖಂಡಿಸಿದೆ. ಕೈಲಾಸಂ ಅವರಿಂದ ಮುಂದಕ್ಕೆ ಹವ್ಯಾಸಿ ರಂಗಭೂಮಿ ಹಾಡನ್ನೇ ಬಹುಮಟ್ಟಿಗೆ ಬಿಟ್ಟುಕೊಟ್ಟದ್ದರ ಹಿಂದೆ ಈ ಅಸಮಾಧಾನವೂ ಇತ್ತು. ಗುಬ್ಬಿ ಕಂಪನಿಯಲ್ಲಿ ಬಾಲ್ಯ ಕಳೆದ ಬಿ.ವಿ. ಕಾರಂತರು ಹಾಡನ್ನು ರಂಗಕ್ಕೆ ಮರಳಿ ತಂದರಾದರೂ ಅದು ಬೇರೆಯೇ ಆದ ರಂಗಸಂಗೀತ. ಅಲ್ಲಿ ಒನ್ಸ್ ಮೋರ್‌ಗೆ ಎಡೆಯಿರಲಿಲ್ಲ. ಈ ವಿಮರ್ಶೆಯು ಪ್ರೇಕ್ಷಕನು ವಿವೇಚನೆಯಿಲ್ಲದೆ ಕೂಗುತ್ತಾನೆಂದು ಭಾವಿಸಿತು. ಎಲ್ಲಿ ಕೂಗುವುದಿಲ್ಲ ಎಂಬುದನ್ನು ಅದು ಲೆಕ್ಕಿಸಲಿಲ್ಲ. ಕೂಗಿಗಿಂತ ಕೂಗದಿರುವುದರಲ್ಲೇ ರಸಿಕನ ವಿವೇಚನೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ ಎಂಬುದು ನನ್ನ ವಾದ.

ಈ ಸಂದರ್ಭದಲ್ಲಿ ಭರತನ ನಾಟ್ಯಶಾಸ್ತ್ರದ ಸಿದ್ಧಿ ಪ್ರಕರಣವನ್ನು ನೆನೆಯುವುದು ಉಚಿತ. ಪ್ರಯೋಗದ ಯಶಸ್ಸನ್ನು ಅಲ್ಲಿ ಮಾನುಷೀ ಮತ್ತು ದೈವೀ ಎಂದು ಎರಡಾಗಿ ವಿಂಗಡಿಸಲಾಗಿದೆ. ನಗು, ಮೆಚ್ಚುಗೆಯ ಉದ್ಗಾರ, ಮರುಕದ ಮಾತು, ರೋಮಾಂಚ, ಆಸನದಿಂದ ಏಳುವುದು, ವಸ್ತ್ರ ಉಂಗುರಗಳನ್ನು ನಟನಿಗೆ ನೀಡುವುದು ಮೊದಲಾದವು ಮಾನುಷೀ ಸಿದ್ಧಿಯ ಲಕ್ಷಣಗಳು. ಸದ್ದಿಲ್ಲದ, ಕ್ಷೋಭೆಯಿಲ್ಲದ, ತುಂಬಿದ ಸಭೆ ದೈವೀ ಸಿದ್ಧಿಯ ಲಕ್ಷಣ. ಎದೆಗೆ ಸಿಕ್ಕಿಸುವ ನೋಟು ಮತ್ತು ಒನ್ಸ್ ಮೋರ್ ಕೂಗು ಮೊದಲನೆಯ ವರ್ಗಕ್ಕೆ ಸೇರುತ್ತವೆಂಬುದು ಸ್ಪಷ್ಟ. ಶಾಸ್ತ್ರವು ಇವುಗಳನ್ನು ಹೀನವೆಂದು ಹೇಳುವುದಿಲ್ಲ; ಯಶಸ್ಸಿನ ಒಂದು ಬಗೆಯೆಂದೇ ಅಂಗೀಕರಿಸುತ್ತದೆ. ಆ ರಾತ್ರಿ ಎರಡೂವರೆಗೆ ಕರ್ಣನ ಹಾಡಿನ ನಂತರ ಉಂಟಾದ ಮೌನ ಎರಡನೆಯ ವರ್ಗಕ್ಕೆ ಸಮೀಪದ್ದು. ಹೊಳೆನರಸೀಪುರದ ರೈತ ನಾಟ್ಯಶಾಸ್ತ್ರವನ್ನು ಅನುಸರಿಸುತ್ತಾನೆಂದು ನಾನು ಹೇಳುತ್ತಿಲ್ಲ. ಅಂಥ ಸಂಸ್ಕೃತೀಕರಣದ ವಾದ ಅನವಶ್ಯಕ. ರಂಗದ ಮುಂದೆ ದೀರ್ಘಕಾಲ ಕುಳಿತ ಎರಡು ಬೇರೆ ಬೇರೆ ಸಮುದಾಯಗಳು ಒಂದೇ ವ್ಯತ್ಯಾಸವನ್ನು ಗುರುತಿಸಿವೆ ಎಂದಷ್ಟೇ ಹೇಳಬಹುದು.

ರಸಿಕರ ಮಾತುಗಳಲ್ಲಿ ಮತ್ತೆ ಮತ್ತೆ ಬರುವ ಪದಗಳನ್ನು ಪರಿಶೀಲಿಸಿದರೆ ಮೂರು ಮಾನದಂಡಗಳನ್ನು ಗುರುತಿಸಬಹುದು. ಮೊದಲನೆಯದು ‘ಶ್ರುತಿ’. ಪೆಟ್ಟಿಗೆಯೊಡನೆ ಸೇರಿದ ಕಂಠವನ್ನು ‘ಕೂತಿತು’ ಎನ್ನುತ್ತಾರೆ. ಸೇರದ ಕಂಠವನ್ನು ‘ಬಿಟ್ಟಿತು’ ಎನ್ನುತ್ತಾರೆ. ಎರಡನೆಯದು ‘ಮಾತು’. ಹಾಡಿನ ಸಾಹಿತ್ಯ ಬಿಡಿಬಿಡಿಯಾಗಿ ಕೇಳಬೇಕು. ಆಲಾಪದಲ್ಲಿ ಮಾತು ಮುಳುಗಿದರೆ ಅದು ದೋಷ. ಮೂರನೆಯದು ‘ಗತ್ತು’. ಕಂಠವಿದ್ದೂ ಗತ್ತಿಲ್ಲದವನನ್ನು ರಸಿಕರು ಬೇಗನೆ ಮರೆಯುತ್ತಾರೆ. ಪಾತ್ರದ ಘನತೆ ದನಿಯಲ್ಲಿ ಕಾಣಿಸಿಕೊಳ್ಳುವುದನ್ನೇ ಅವರು ಗತ್ತು ಎನ್ನುವುದು. ಕರ್ಣನ ಪಾತ್ರಧಾರಿ ಅಂದು ಮೊದಲನೆಯದರಲ್ಲಿ ಸೋತು ಉಳಿದೆರಡರಲ್ಲಿ ಗೆದ್ದರು.

ಈ ಮಾನದಂಡಗಳು ಶಾಸ್ತ್ರೀಯ ಸಂಗೀತದ ಕೇಳುಗರಿಗೂ ದೂರದವಲ್ಲ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಂಡೆಯ ಮೇಲಿರುವ ರುದ್ರಪಟ್ಟಣ ಕರ್ನಾಟಕ ಸಂಗೀತಕ್ಕೆ ಹಲವು ವಿದ್ವಾಂಸರನ್ನು ನೀಡಿದ ಗ್ರಾಮ. 1920ರಲ್ಲಿ ಅಲ್ಲಿ ಜನಿಸಿ 2011ರಲ್ಲಿ ಪದ್ಮಭೂಷಣ ಪಡೆದ, 2014ರಲ್ಲಿ ನಿಧನರಾದ ಆರ್.ಕೆ. ಶ್ರೀಕಂಠನ್ ಅವರ ಗಾಯನವನ್ನು ವಿದ್ವಾಂಸರು ಮೆಚ್ಚಿದ್ದು ಶ್ರುತಿಶುದ್ಧತೆ ಮತ್ತು ಸಾಹಿತ್ಯದ ಸ್ಪಷ್ಟತೆಗಾಗಿ. ರುದ್ರಪಟ್ಟಣದ ಸಹೋದರರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್, ಸಪ್ತಸ್ವರಗಳಿಗೆ ಧ್ಯಾನಮಂದಿರವನ್ನೇ ಕಟ್ಟಿಸಿದ ಆರ್.ಕೆ. ಪದ್ಮನಾಭ ಇವರೆಲ್ಲ ಇದೇ ಊರಿನವರು. ಒಂದೇ ತಾಲ್ಲೂಕಿನ ಒಂದು ಊರಿನಲ್ಲಿ ಕಛೇರಿಯ ಕಿವಿ, ಕೆಲವೇ ಮೈಲಿಗಳಾಚೆಯ ಊರುಗಳಲ್ಲಿ ನಾಟಕದ ಕಿವಿ. ಇವುಗಳನ್ನು ಶಿಷ್ಟ ಪರಿಶಿಷ್ಟಗಳೆಂದು ಬೇರ್ಪಡಿಸಿ ಬೇರೆ ಬೇರೆ ವಿಭಾಗಗಳಲ್ಲಿ ಅಧ್ಯಯನ ಮಾಡುವ ನಮ್ಮ ರೂಢಿ ಇವುಗಳ ನಡುವಿನ ಸಾಮ್ಯವನ್ನು ಕಾಣದಂತೆ ಮಾಡಿದೆ. ಭಿನ್ನತೆ ಇರುವುದು ಮುಖ್ಯವಾಗಿ ಒಂದೇ ಕಡೆ. ಕಛೇರಿಯ ರಸಿಕ ರಾಗದ ವಿಸ್ತಾರವನ್ನು ಕಾಯುತ್ತಾನೆ. ನಾಟಕದ ರಸಿಕ ರಾಗವು ಪಾತ್ರವಾಗುವ ಕ್ಷಣವನ್ನು ಕಾಯುತ್ತಾನೆ.

5. ಮೆಚ್ಚುಗೆಯ ಮಿತಿಗಳು

ರಸಿಕನ ವಿವೇಚನೆಯನ್ನು ಎತ್ತಿಹಿಡಿಯುವ ಭರದಲ್ಲಿ ಅದರ ಕುರುಡುಗಳನ್ನು ಮರೆಯಬಾರದು. ಈ ನಾಟಕಗಳಲ್ಲಿ ಪಾತ್ರ ಹಂಚಿಕೆ ಬಹುತೇಕ ಹಣದ ಮೇಲೆ ನಿಂತಿದೆ. ಸೀನರಿ, ವೇಷಭೂಷಣ, ಮೇಷ್ಟ್ರ ಸಂಭಾವನೆ, ಸ್ತ್ರೀಪಾತ್ರಧಾರಿಗಳ ಸಂಭಾವನೆಗಳ ಖರ್ಚನ್ನು ಪಾತ್ರಧಾರಿಗಳೇ ಹಂಚಿಕೊಳ್ಳುವುದರಿಂದ ದುರ್ಯೋಧನ, ಶ್ರೀಕೃಷ್ಣ, ಭೀಮ ಮೊದಲಾದ ಪಾತ್ರಗಳಿಗೆ ಹೆಚ್ಚು ಹಣ ಕೊಡಬೇಕು. ಇದರಿಂದ ದೊಡ್ಡ ಪಾತ್ರಗಳು ಭೂಮಿಯುಳ್ಳ, ನಗದು ಬೆಳೆಯುಳ್ಳ ಮನೆತನಗಳಿಗೆ ಸುಲಭವಾಗಿ ದೊರೆಯುತ್ತವೆ. ಕಂಠವಿದ್ದು ಹಣವಿಲ್ಲದವನು ದ್ವಾರಪಾಲಕನಾಗುತ್ತಾನೆ. ಹಬ್ಬದ ಹಗಲಿನಲ್ಲಿ ಇಡೀ ಊರನ್ನು ಕುಣಿಸಿದ ತಮಟೆಯ ಕಲಾವಿದರಿಗೆ ರಾತ್ರಿಯ ರಂಗದಲ್ಲಿ ಸ್ಥಾನವಿಲ್ಲದಿರುವುದನ್ನು ನಾನು ಹಲವು ಊರುಗಳಲ್ಲಿ ಕಂಡಿದ್ದೇನೆ. ದಲಿತ ಯುವಕರು ತಮ್ಮದೇ ತಂಡ ಕಟ್ಟಿ ಕುರುಕ್ಷೇತ್ರ ಆಡುವ ಊರುಗಳೂ ಇವೆ. ಅಲ್ಲಿ ಕರ್ಣನ ಹಾಡುಗಳಿಗೆ ಬರುವ ಸ್ಪಂದನ ಬೇರೆಯೇ ಬಗೆಯದು. ಕರ್ಣನ ಕುಲದ ಪ್ರಶ್ನೆ ಅಲ್ಲಿ ಪುರಾಣದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಸ್ತ್ರೀಪಾತ್ರಧಾರಿಗಳ ವಿಷಯದಲ್ಲಿ ರಸಿಕನ ಸೋಲು ಇನ್ನೂ ಸ್ಪಷ್ಟ. ದ್ರೌಪದಿ, ಕುಂತಿ, ರುಕ್ಮಿಣಿ, ಉತ್ತರೆಯರ ಪಾತ್ರಗಳಿಗೆ ಹೊರಗಿನಿಂದ ವೃತ್ತಿಕಲಾವಿದೆಯರನ್ನು ಕರೆಸಲಾಗುತ್ತದೆ. ಋತುವಿನ ದಿನಗಳಲ್ಲಿ ಇವರು ರಾತ್ರಿಯಿಂದ ರಾತ್ರಿಗೆ ಊರಿಂದೂರಿಗೆ ಪ್ರಯಾಣಿಸುತ್ತಾರೆ. ಒಂದೇ ಪಾತ್ರದ ಹಲವು ಪಾಠಗಳು, ಬೇರೆ ಬೇರೆ ಮೇಷ್ಟ್ರುಗಳ ಮಟ್ಟುಗಳು ಇವರ ನೆನಪಿನಲ್ಲಿರುತ್ತವೆ. ತಾಲೀಮಿಲ್ಲದೆ, ಆ ಸಂಜೆಯಷ್ಟೇ ಭೇಟಿಯಾದ ಪೆಟ್ಟಿಗೆಗೆ ಶ್ರುತಿ ಸೇರಿಸಿ, ಪುರುಷ ಪಾತ್ರಧಾರಿಯ ಶ್ರುತಿಗೆ ತಮ್ಮ ಕಂಠವನ್ನು ಹೊಂದಿಸಿಕೊಂಡು ಇವರು ಹಾಡುತ್ತಾರೆ. ಸಂಗೀತದ ದೃಷ್ಟಿಯಿಂದ ಇಡೀ ರಂಗದಲ್ಲಿ ಅತ್ಯಂತ ಅನುಭವಿಗಳು ಇವರೇ. ಆದರೂ ಮಾರನೆಯ ದಿನದ ಚರ್ಚೆಯಲ್ಲಿ ಇವರ ಗಾಯನದ ಮಾತು ವಿರಳ. ರೂಪ, ಸೀರೆಗಳ ಮಾತೇ ಹೆಚ್ಚು. ನಾನು ಮೇಲೆ ವಿವರಿಸಿದ ರಾತ್ರಿಯಲ್ಲಿ ಕರ್ಣನ ಕಂಠ ಒಡೆದಾಗ ತಮ್ಮ ಮುಂದಿನ ಹಾಡನ್ನು ಒಂದು ಮನೆ ಕೆಳಗಿಳಿಸಿ ಆರಂಭಿಸಿ ದೃಶ್ಯದ ಧ್ವನಿಯನ್ನು ಕಾಪಾಡಿದವರು ಕುಂತಿಯ ಪಾತ್ರಧಾರಿ. ಅರವತ್ತು ವರ್ಷ ಕೇಳಿದ ಆ ಹಿರಿಯರೂ ಇದನ್ನು ಉಲ್ಲೇಖಿಸಲಿಲ್ಲ.

ಸಭೆಯಲ್ಲಿನ ಮಹಿಳೆಯರು ಒನ್ಸ್ ಮೋರ್ ಕೂಗುವುದಿಲ್ಲ, ನೋಟು ಸಿಕ್ಕಿಸುವುದೂ ಅಪರೂಪ. ಆದರೆ ಅವರಲ್ಲಿ ವಿಮರ್ಶೆಯಿಲ್ಲವೆಂದು ಇದರಿಂದ ತೀರ್ಮಾನಿಸಲಾಗದು. ನಾಟಕದ ಮಟ್ಟುಗಳು ಸೋಬಾನೆ ಪದಗಳಿಗೆ, ಭಜನೆಗಳಿಗೆ ಅಳವಟ್ಟಿರುವುದನ್ನು ಚನ್ನರಾಯಪಟ್ಟಣ ತಾಲ್ಲೂಕಿನ ಮದುವೆ ಮನೆಗಳಲ್ಲಿ ಕೇಳಿದ್ದೇನೆ. ಯಾವ ಮಟ್ಟು ಮನೆಯೊಳಗೆ ಬಂದು ಉಳಿಯಿತು, ಯಾವುದು ರಂಗದಲ್ಲೇ ಮುಗಿಯಿತು ಎಂಬುದು ಅವರ ಆಯ್ಕೆ. ಪುರುಷನ ಮೆಚ್ಚುಗೆ ಆ ರಾತ್ರಿಯದು. ಮಹಿಳೆಯ ಮೆಚ್ಚುಗೆ ಮುಂದಿನ ತಲೆಮಾರಿನ ಹಾಡಾಗಿ ಕಾಣಿಸಿಕೊಳ್ಳುತ್ತದೆ. ನಾನು ಧ್ವನಿಮುದ್ರಿಸಿಕೊಂಡ ‘ಶುದ್ಧ’ ಸೋಬಾನೆಗಳಲ್ಲಿ ಕೆಲವು ನಾಟಕದ ಮಟ್ಟಿನವೆಂದು ನನಗೆ ತಿಳಿದದ್ದು ಬಹಳ ತಡವಾಗಿ.

6. ರಾತ್ರಿಯ ಪ್ರಶ್ನೆ

2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕದ ಬಳಕೆಯನ್ನು ನಿಷೇಧಿಸುತ್ತವೆ. ವರ್ಷದ ಸೀಮಿತ ದಿನಗಳಲ್ಲಿ ಮಧ್ಯರಾತ್ರಿಯವರೆಗೆ ಮಾತ್ರ ವಿನಾಯಿತಿ ನೀಡಲು ಅವಕಾಶವಿದೆ. 2005ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿಯಮಗಳ ಪಾಲನೆಗೆ ಒತ್ತು ನೀಡಿತು. ರೋಗಿಗಳ, ಮಕ್ಕಳ, ವಿದ್ಯಾರ್ಥಿಗಳ ಹಿತದೃಷ್ಟಿಯ ಈ ನಿಯಮದ ಆಶಯವನ್ನು ಯಾರೂ ಅಲ್ಲಗಳೆಯಲಾರರು. ಇಂದಿನ ನಾಟಕಗಳಲ್ಲಿ ಬಳಸುವ ಧ್ವನಿವರ್ಧಕಗಳ ಅಬ್ಬರ ಸಂಗೀತಕ್ಕೇ ಮಾರಕವಾಗಿದೆಯೆಂಬುದೂ ನಿಜ. ರಿದಂ ಪ್ಯಾಡಿನ ಹೊಡೆತದಲ್ಲಿ ಪೆಟ್ಟಿಗೆಯ ಶ್ರುತಿ ಪಾತ್ರಧಾರಿಗೇ ಕೇಳಿಸುವುದಿಲ್ಲ. ಆದರೆ ಹೊತ್ತಿನ ಒತ್ತಡದಿಂದ, ಹೊಂದಿಕೆಯ ಅನುಕೂಲದಿಂದ ಪಟ್ಟಣದ ಸಭಾಂಗಣಗಳಲ್ಲಿ ಈ ನಾಟಕಗಳನ್ನು ಹಗಲಿನಲ್ಲೇ ಆಡುವ ರೂಢಿಯೂ ಬೆಳೆದಿದೆ. ಪಾಠ ಅದೇ, ಮೇಷ್ಟ್ರು ಅವರೇ, ಹಾಡುಗಳೂ ಅವೇ. ಬದಲಾಗಿರುವುದು ಸಭೆ.

ರಾತ್ರಿಯ ಪ್ರದರ್ಶನದಲ್ಲಿ ಸಭೆ ತನ್ನನ್ನು ತಾನೇ ಸೋಸಿಕೊಳ್ಳುತ್ತದೆ. ಬಂಧುತ್ವಕ್ಕಾಗಿ ಬಂದವರು ಎರಡನೆಯ ಜಾವದೊಳಗೆ ಹೊರಡುತ್ತಾರೆ. ಹಾಡಿಗಾಗಿ ಬಂದವರು ಮೂರನೆಯ ಜಾವಕ್ಕೆ ಉಳಿಯುತ್ತಾರೆ. ನಾಟಕದ ರಚನೆಯೂ ಇದನ್ನು ತಿಳಿದಂತೆ ವೀರ, ಹಾಸ್ಯ, ಆಡಂಬರದ ದೃಶ್ಯಗಳನ್ನು ಮೊದಲಿಗೂ ಕರುಣದ ದೃಶ್ಯಗಳನ್ನು ನಂತರಕ್ಕೂ ಇರಿಸಿಕೊಂಡಿದೆ. ಗಾಯಕನ ಕಂಠ ದಣಿಯುವ ಹೊತ್ತು, ಕೇಳುಗನ ಕಿವಿ ಸೂಕ್ಷ್ಮವಾಗುವ ಹೊತ್ತು, ಕಥೆ ನೋವಿಗೆ ತಿರುಗುವ ಹೊತ್ತು ಮೂರೂ ಒಂದೆಡೆ ಸೇರುತ್ತವೆ. ಹಗಲಿನ ಸಭಾಂಗಣದಲ್ಲಿ ಇದು ಸಂಭವಿಸುವುದಿಲ್ಲ. ತಮ್ಮವರ ಪಾತ್ರ ಮುಗಿದೊಡನೆ ಗುಂಪು ಎದ್ದುಹೋಗುತ್ತದೆ, ಇನ್ನೊಂದು ಗುಂಪು ಬರುತ್ತದೆ. ಮಾನುಷೀ ಸಿದ್ಧಿಗೆ ಅಲ್ಲಿ ಕೊರತೆಯಿಲ್ಲ. ಮೌನಕ್ಕೆ ಮಾತ್ರ ಅವಕಾಶವಿಲ್ಲ. ಧ್ವನಿವರ್ಧಕವನ್ನು ತಗ್ಗಿಸಿ ರಾತ್ರಿಯನ್ನು ಉಳಿಸಿಕೊಳ್ಳುವ ದಾರಿಯನ್ನು ನಾಟಕ ತಂಡಗಳೂ ಆಡಳಿತವೂ ಒಟ್ಟಾಗಿ ಯೋಚಿಸಬೇಕಾಗಿದೆ. 

7. ಸಮಾರೋಪ

ಇಂದು ರಾಜ್ಯದಲ್ಲಿ ಜಾನಪದಕ್ಕೆ, ನಾಟಕಕ್ಕೆ, ಸಂಗೀತ ನೃತ್ಯಗಳಿಗೆ, ಯಕ್ಷಗಾನಕ್ಕೆ, ಬಯಲಾಟಕ್ಕೆ ಪ್ರತ್ಯೇಕ ಅಕಾಡೆಮಿಗಳಿವೆ. ಹಳ್ಳಿಯ ಪೌರಾಣಿಕ ನಾಟಕ ಈ ಎಲ್ಲವುಗಳಿಗೂ ಸ್ವಲ್ಪ ಸ್ವಲ್ಪ ಸೇರಿ ಯಾವುದಕ್ಕೂ ಪೂರ್ಣವಾಗಿ ಸೇರದೆ ಉಳಿದಿದೆ. ಅದರ ಕಲಾವಿದರಿಗೆ ಪ್ರಶಸ್ತಿ ಸನ್ಮಾನಗಳು ದೊರೆಯುವುದುಂಟು. ವಿಮರ್ಶೆ ದೊರೆಯುವುದು ಕಡಿಮೆ. ಮೂಡಲಪಾಯವನ್ನು ಜೀ.ಶಂ. ಪರಮಶಿವಯ್ಯನವರಂಥ ವಿದ್ವಾಂಸರು ಅಧ್ಯಯನದ ಕೇಂದ್ರಕ್ಕೆ ತಂದರು. ಅದರ ಸ್ಥಾನವನ್ನು ಹಳ್ಳಿಗಳಲ್ಲಿ ಬಹುಮಟ್ಟಿಗೆ ಆಕ್ರಮಿಸಿದ ಕಾರಣಕ್ಕೆ ಪೌರಾಣಿಕ ನಾಟಕವನ್ನು ನಮ್ಮ ಪೀಳಿಗೆ ಅಪರಾಧಿಯಂತೆ ಕಂಡಿತು. ಸ್ಥಳಾಂತರವನ್ನು ದುಃಖಿಸುವುದು ಸಹಜ. ಆದರೆ ಬಂದದ್ದನ್ನು ಕೇಳದಿರುವುದು ಸಂಶೋಧನೆಯಲ್ಲ.

ಮುಂದಿನ ಅಧ್ಯಯನಗಳ ದೃಷ್ಟಿಯಿಂದ ಮೂರು ಕೆಲಸಗಳು ತುರ್ತಾಗಿ ಆಗಬೇಕಿವೆ. ಹಾರ್ಮೋನಿಯಂ ಮೇಷ್ಟ್ರುಗಳ ಬಳಿಯಿರುವ ಕೈಬರಹದ ಮಟ್ಟಿನ ಪುಸ್ತಕಗಳನ್ನು ಸಂಗ್ರಹಿಸಬೇಕು. ಸ್ತ್ರೀಪಾತ್ರಧಾರಿಗಳ ನೆನಪಿನಲ್ಲಿರುವ ಪಾಠಾಂತರಗಳನ್ನು ಅವರ ಸ್ವಂತ ಕಥನದೊಡನೆ ದಾಖಲಿಸಬೇಕು. ರಾತ್ರಿಯಿಡೀ ನಡೆಯುವ ಪ್ರದರ್ಶನವನ್ನು ಧ್ವನಿಮುದ್ರಿಸುವಾಗ ಒಂದು ಮೈಕನ್ನು ರಂಗದ ಕಡೆಗೂ ಇನ್ನೊಂದನ್ನು ಸಭೆಯ ಕಡೆಗೂ ಇಡಬೇಕು. ಸಭೆಯ ಕೂಗು, ನಗು, ಪಿಸುಮಾತು, ಮೌನಗಳಿಲ್ಲದ ಧ್ವನಿಮುದ್ರಿಕೆ ಅರ್ಧ ಪ್ರದರ್ಶನದ ದಾಖಲೆ ಮಾತ್ರ.

ನಾನು ಉಲ್ಲೇಖಿಸಿದ ಹಿರಿಯರು ಈಗಿಲ್ಲ. ಅವರು ಕೇಳಿದ ಕರ್ಣರನ್ನೂ ದುರ್ಯೋಧನರನ್ನೂ ಒಬ್ಬೊಬ್ಬರಾಗಿ ಕೇಳಿ ಬರೆದುಕೊಳ್ಳಬೇಕೆಂದಿದ್ದೆ, ಆಗಲಿಲ್ಲ. ಅವರ ಊರಿನಲ್ಲಿ ಕುರುಕ್ಷೇತ್ರ ಈಗಲೂ ನಡೆಯುತ್ತದೆ, ರಾತ್ರಿಯಲ್ಲೇ. ಮೂರನೆಯ ಜಾವಕ್ಕೆ ಕಂಬಳಿ ಹೊದ್ದು ಮುಂದಕ್ಕೆ ಸರಿದು ಕೂರುವವರು ಇನ್ನೂ ಇದ್ದಾರೆ. ಅವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳುವುದು ನಮ್ಮ ಅಧ್ಯಯನದ ಮೊದಲ ಹೆಜ್ಜೆಯಾಗಬೇಕು.